ಸಗರದ ಚಾವಡಿಗೆ ಒಂದು ತಾಸು

ಶಹಾಪುರ
೧೪ ಏಪ್ರಿಲ್ ೧೯೪೬

ವಕೀಲ ಬಸವಂತರಾಯರಿಗೆ ನಿಮ್ಮ ಮುನ್ಷಿ ಮನ್ಸೂರಅಲಿಯ ಸಲಾಮು.

ಹೈದರಾಬಾದಿನಿಂದ ನೀವು ಕಳಿಸಿದ ಪತ್ರಿಕೆ ಮುಟ್ಟಿತು. ಮೂರನೆಯ ಪುಟದಲ್ಲಿ ನಿಮ್ಮ ಫೋಟೋ ಚೆನ್ನಾಗಿ ಬಂದಿದೆ, ರುಮಾಲು ಮಾತ್ರ ಎಂದಿನಂತೆ ಎಡಕ್ಕೆ ವಾಲಿದೆ. ಅದರ ಕೆಳಗಿನ ಬರಹವನ್ನು ಎರಡು ಸಲ ಓದಿದೆ. ಸಗರದ ಮೌನಮ್ಮ ಎಂಬ ಹೆಣ್ಣುಮಗಳು ತುಂಬಿದ ಕೋರ್ಟಿನಲ್ಲಿ ಗಂಡನ ಹೆಸರನ್ನು ಗಟ್ಟಿಯಾಗಿ ಹೇಳಿ ಸಾವಿರ ವರ್ಷದ ಬೇಡಿ ಮುರಿದಳು ಎಂದು ಬರೆದಿದ್ದೀರಿ. ಅಂದು ನಾನೂ ನಿಮ್ಮ ಬಗಲಲ್ಲೇ ಇದ್ದೆ. ನಾನು ಕಂಡದ್ದು ಬೇರೆ. ಊರು ಬಿಡುವಾಗ ಬಸ್ಸಿನ ತನಕ ಬಂದು ಕಳಿಸಲಿಲ್ಲ ಯಾಕೆ ಎಂದು ಕೇಳಿದ್ದೀರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಾವೆ ಸಣ್ಣದು. ಮೌನಮ್ಮನ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾನೆ. ಅವನ ಪಾಲಿನ ಎರೆಹೊಲವನ್ನು ತಮ್ಮ ಗುರಪ್ಪ ತನ್ನದೆನ್ನುತ್ತಾನೆ. ಗಂಡನ ಪರವಾಗಿ ಅವಳು ಸಾಕ್ಷಿ ನುಡಿಯಬೇಕಿತ್ತು. ನಿಮ್ಮ ತಂದೆಯವರ ಕಾಲದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಹೆಂಗಸರು ಕಟಕಟೆಗೆ ಬಂದಾಗ ನಮ್ಮ ಪದ್ಧತಿ ಒಂದೇ. ಮುನ್ಸಫರು ಗಂಡನ ಹೆಸರು ಕೇಳುತ್ತಾರೆ, ನಾನು ಎದ್ದು ಹೇಳುತ್ತೇನೆ, ಹೆಂಗಸು ತಲೆ ತಗ್ಗಿಸಿ 'ಹೂಂ' ಅನ್ನುತ್ತಾಳೆ, ಕಾರಕೂನ ಬರೆದುಕೊಳ್ಳುತ್ತಾನೆ. ಗಂಡನ ಹೆಸರು ಬಾಯಿಂದ ತೆಗೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವರ ಭಯ. ನನ್ನ ಹೆಂಡತಿ ಖಾಸಿಂಬೀ ಕೂಡ ಮೂವತ್ತು ವರ್ಷದಿಂದ ನನ್ನನ್ನು 'ಆಮೀನಾ ಕೆ ಬಾವಾ', ಆಮೀನಾಳ ಅಪ್ಪ, ಎಂದೇ ಕರೆಯುತ್ತಾಳೆ. ನನಗೇನೂ ಅದರಿಂದ ನಷ್ಟವಾಗಿಲ್ಲ.

ಅಂದು ನಾನು ಎದ್ದೆ. ನೀವು, "ಕೂಡ್ರಿ ಮುನ್ಷೀಜಿ, ಆಕೀನ ಹೇಳ್ಲಿ" ಅಂದಿರಿ. ಅವಳು, "ಅವರ ಹೆಸರ ನಾ ಹ್ಯಾಂಗ ಹೇಳ್ಲಿ ಎಪ್ಪಾ, ಬ್ಯಾಡ್ರಿ" ಅಂದಳು. "ಹೇಳದಿದ್ರ ಹೊಲ ಹೋತು ನೋಡವ್ವಾ" ಅಂದಿರಿ. ಅದು ಸುಳ್ಳು, ರಾಯರೇ. ಕಾಗದಪತ್ರ ಎಲ್ಲ ಸರಿಯಿದ್ದವು, ಹೊಲ ಎಲ್ಲಿಗೂ ಹೋಗುತ್ತಿರಲಿಲ್ಲ. ಮೂರು ಸಲ ಬೇಡವೆಂದಳು. ನಾಲ್ಕನೆಯ ಸಲ ಸೆರಗು ಬಾಯಿಗೆ ಹಿಡಿದು "ಹುಲಗಪ್ಪ" ಅಂದಳು. ಮುನ್ಸಫರಿಗೆ ಕೇಳಿಸಲಿಲ್ಲ. ನೀವು ಇನ್ನೊಂದು ಸಲ ಹೇಳಿಸಿದಿರಿ. ದಾವೆ ಗೆದ್ದಮೇಲೆ ಎಲ್ಲರೂ ನಿಮ್ಮ ಕೈ ಕುಲುಕುತ್ತಿದ್ದಾಗ ಅವಳು ಬೇವಿನ ಗಿಡದ ಬುಡದಲ್ಲಿ ಕೂತು ಬಾಯಿ ಮುಕ್ಕಳಿಸುತ್ತಿದ್ದಳು. ಒಂದು ಕೊಡ ನೀರು ಖಾಲಿ ಮಾಡಿದಳು.

ನೀವು ಕೂಡ್ರಿ ಅಂದಾಗ ನಾನು ಕೂಡಬಾರದಿತ್ತು. ಕೂತೆ. ಅದೊಂದು ನನ್ನ ತಪ್ಪು, ಬರೆದಿಡುತ್ತೇನೆ.

ಇಂತು,
ಮನ್ಸೂರಅಲಿ

*

ಹೈದರಾಬಾದು
೨ ಮೇ ೧೯೪೬

ಪ್ರಿಯ ಮುನ್ಷೀಜಿ,

ನಿಮ್ಮ ಸಿಟ್ಟು ಓದಿ ನಗು ಬಂತು, ಸಂತೋಷವೂ ಆಯಿತು. ಸಿಟ್ಟು ಮಾಡುವಷ್ಟು ಸಲಿಗೆ ನಮ್ಮಿಬ್ಬರ ನಡುವೆ ಉಳಿದಿದೆಯಲ್ಲ. ಆದರೆ ಹೇಳಿ, ನೀವು ಎದ್ದು ಹೆಸರು ಹೇಳುವುದು, ಅವರು ಹೂಂ ಅನ್ನುವುದು, ಇದು ಇನ್ನೆಷ್ಟು ವರ್ಷ? ಒಬ್ಬ ಹೆಣ್ಣುಮಗಳು ತನ್ನ ಬಾಯಿಂದ ತನ್ನ ಹೊಲ ಉಳಿಸಿಕೊಂಡಳು ಎಂಬುದು ಸಣ್ಣ ಮಾತೇ? ಇಲ್ಲಿ ಹೈಕೋರ್ಟಿನ ದೊಡ್ಡ ದೊಡ್ಡ ವಕೀಲರು ನನ್ನನ್ನು ಕರೆದು ಆ ಪ್ರಸಂಗ ಕೇಳುತ್ತಾರೆ. ಮುಂದಿನ ತಿಂಗಳ ಪರಿಷತ್ತಿನ ಅಧಿವೇಶನದಲ್ಲಿ ಮಾತಾಡಲು ಕರೆ ಬಂದಿದೆ. ಶಹಾಪುರದ ಬಸವಂತರಾಯ ಎಂದರೆ ಯಾರೆಂದು ಈಗ ಇಲ್ಲಿ ಗೊತ್ತು.

ಇನ್ನು ಕೋರ್ಟಿನಲ್ಲಿ ಎಲ್ಲವನ್ನೂ ನಿಜವೇ ಹೇಳಬೇಕೆಂದು ನೀವು ಹಟ ಹಿಡಿದರೆ ನಾವಿಬ್ಬರೂ ಎಂದೋ ಉಪವಾಸ ಬೀಳುತ್ತಿದ್ದೆವು! ಮೌನಮ್ಮ ನಾಲ್ಕು ದಿನ ಹೆದರುತ್ತಾಳೆ, ಆಮೇಲೆ ನನ್ನನ್ನು ಹರಸುತ್ತಾಳೆ. ಖಾಸಿಂಬೀಯವರಿಗೆ ಆದಾಬ್ ತಿಳಿಸಿ.

ನಿಮ್ಮವ,
ಬಸವಂತರಾಯ

*

ಶಹಾಪುರ
೨೦ ಜೂನ್ ೧೯೪೬

ವಕೀಲ ಸಾಹೇಬರಿಗೆ ಸಲಾಮು.

ಹುಲಗಪ್ಪ ಇದೇ ಎಂಟನೆಯ ತಾರೀಖು ತೀರಿಕೊಂಡ. ಎರಡನೆಯ ಸಲ ಲಕ್ವಾ ಹೊಡೆಯಿತು ಎಂದು ದವಾಖಾನೆಯವರು ಹೇಳಿದರು. ಅವರ ಮಾತು ನನಗೂ ನಿಮಗೂ ಸಾಕು. ಸಗರಕ್ಕೆ ಸಾಲದು.

ಮಣ್ಣಿಗೆ ನಾನೂ ಹೋಗಿದ್ದೆ. ಹೆಣ ಇನ್ನೂ ಅಂಗಳದಲ್ಲಿತ್ತು. ಗುರಪ್ಪ ಎಲ್ಲರ ಮುಂದೆ, "ಹೆಸರ ತಗದು ನಮ್ಮಣ್ಣನ್ನ ತಿಂದ್ಲು, ಹೊಲದ ಆಸೇಕ ತಿಂದ್ಲು" ಅಂದ. ಒಬ್ಬರೂ ಅವನ ಬಾಯಿ ಹಿಡಿಯಲಿಲ್ಲ. ಮೌನಮ್ಮ ಕೂಡ ಎದುರು ಮಾತಾಡಲಿಲ್ಲ. ಅವಳೂ ಅದನ್ನೇ ನಂಬಿದ್ದಾಳೆ, ಅದೇ ನನ್ನ ಸಂಕಟ. ಮೃಗಶಿರಾ ಮಳೆ ಬಿದ್ದಿದೆ. ಎಲ್ಲರ ಹೊಲದಲ್ಲೂ ಕುಂಟೆ ನಡೆದಿದೆ, ಇವಳ ಹೊಲಕ್ಕೆ ಒಬ್ಬ ಆಳು ಕಾಲಿಡಲೊಲ್ಲ. ಬಾವಿಗೆ ಎಲ್ಲರೂ ಹೋಗಿ ಬಂದಮೇಲೆ ಹೋಗುತ್ತಾಳೆ. ನೀವು ಗೆದ್ದುಕೊಟ್ಟ ಡಿಕ್ರಿ ಗೂಡಿನಲ್ಲಿದೆ, ಹೊಲ ಬೀಳು ಬಿದ್ದಿದೆ.

ನನ್ನ ವಿನಂತಿ ಒಂದೇ. ನೀವು ಬರಬೇಕು. ಸಗರದ ಚಾವಡಿಯಲ್ಲಿ ಹಿರಿಯರನ್ನು ಕೂಡಿಸಿ, 'ಆಕೆ ಮೂರು ಸಲ ಬೇಡವೆಂದಳು, ನಾನು ಸುಳ್ಳು ಹೇಳಿ ಹೆದರಿಸಿ ಹೇಳಿಸಿದೆ, ಪಾಪವಿದ್ದರೆ ನನ್ನದು' ಅನ್ನಬೇಕು. ನಾನು ಹೇಳಿ ನೋಡಿದೆ. "ನೀವ್ ಮುನ್ಷಿಗೋಳು, ನಿಮಗೇನ್ ಗೊತ್ರಿ ನಮ್ಮ ರೀತಿ" ಅಂದರು. ನಿಮ್ಮ ಮಾತಿಗೆ ಅಲ್ಲಿ ತೂಕವಿದೆ. ಒಂದು ತಾಸಿನ ಕೆಲಸ.

ಇಂತು,
ಮನ್ಸೂರಅಲಿ

*

ಹೈದರಾಬಾದು
೯ ಜುಲೈ ೧೯೪೬

ಪ್ರಿಯ ಮುನ್ಷೀಜಿ,

ಪತ್ರ ಓದಿ ಊಟ ಸೇರಲಿಲ್ಲ. ಆದರೆ ಲಕ್ವಾದ ಮನುಷ್ಯ, ಇಂದಲ್ಲ ನಾಳೆ ಹೋಗುವವನೇ ಆಗಿದ್ದ, ಅಲ್ಲವೇ? ಗುರಪ್ಪ ಅಡ್ಡಿಪಡಿಸುತ್ತಿದ್ದಾನೆಂದು ಅವನ ಮೇಲೆ ಅರ್ಜಿ ಹಾಕೋಣ. ಕರಡು ಇದರ ಜೊತೆಗಿದೆ. ಕೋರ್ಟಿನ ಅಮೀನ ಹೋಗಿ ನಿಂತರೆ ಎತ್ತು ತಾವಾಗಿ ಹೊಲಕ್ಕೆ ಇಳಿಯುತ್ತವೆ.

ಚಾವಡಿಯಲ್ಲಿ ನಿಂತು ಪಾಪ ನನ್ನದೆಂದರೆ, ಹೆಸರು ಹೇಳಿದ್ದು ಪಾಪವೇ ಎಂದು ಒಪ್ಪಿಕೊಂಡ ಹಾಗಾಗುವುದಿಲ್ಲವೇ? ವೇದಿಕೆಯಲ್ಲಿ ಒಂದು, ಚಾವಡಿಯಲ್ಲಿ ಇನ್ನೊಂದು ಆಡುವುದು ಹೇಗೆ? ಆದರೂ ಬರುತ್ತೇನೆ. ದಸರೆ ಮುಗಿಯಲಿ.

ನಿಮ್ಮವ,
ಬಸವಂತರಾಯ

*

ಶಹಾಪುರ
೧೬ ನವೆಂಬರ್ ೧೯೪೮

ರಾಯರಿಗೆ ಸಲಾಮು.

ನೀವು ಜೈಲಿನಿಂದ ಬಿಡುಗಡೆಯಾದ ಸುದ್ದಿ ಕೇಳಿ ಖಾಸಿಂಬೀ ಸಕ್ಕರೆ ಹಂಚಿದಳು. ಮೂರು ದಸರೆ ಹೋದವು. ಒಂದಕ್ಕೆ ನಿಮಗೆ ಅಧಿವೇಶನವಿತ್ತು, ಇನ್ನೊಂದಕ್ಕೆ ನೀವು ನಿಜಾಮ ಸರ್ಕಾರದ ಸೆರೆಯಲ್ಲಿದ್ದಿರಿ, ಮೂರನೆಯದಕ್ಕೆ ದಾರಿಗಳೇ ನೆಟ್ಟಗಿರಲಿಲ್ಲ. ಅದಕ್ಕೆ ನಾನು ಬೇಸರಪಡುವುದಿಲ್ಲ.

ನಾವು ಬದುಕಿದ್ದೇವೆ, ಅದನ್ನು ತಿಳಿಸಬೇಕು. ಮೊದಲು ರಜಾಕಾರರು ಊರೂರು ತಿರುಗುವಾಗ ನಿಮ್ಮವರು ಹೆದರಿದ್ದರು. ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯ ಮುಗಿದಮೇಲೆ ಹೆದರುವ ಪಾಳಿ ನಮ್ಮದಾಯಿತು. ಆಗ ನಾವು ಸಗರದಲ್ಲಿ, ಖಾಸಿಂಬೀಯ ತವರಿನಲ್ಲಿದ್ದೆವು. ಬಡಿಗೆ, ಕೊಡಲಿ ಹಿಡಿದವರು ಮನೆ ಮನೆ ಹುಡುಕುತ್ತಿದ್ದಾರೆ ಎಂದು ಸುದ್ದಿ ಬಂದಾಗ ಮೌನಮ್ಮ ಹಿತ್ತಲಿನಿಂದ ಬಂದು, "ನನ್ನ ಹೊಲಕ್ಕ ನಡೀರಿ, ಅಲ್ಲಿ ಯಾರೂ ಬರಂಗಿಲ್ಲ" ಅಂದಳು. ಎರಡು ವರ್ಷದಿಂದ ಕುಂಟೆ ಕಾಣದ ಹೊಲ, ಆಳೆತ್ತರ ಜಾಲಿ ಬೆಳೆದಿತ್ತು. ಅದರೊಳಗೆ ಒಂಬತ್ತು ದಿನ ಇದ್ದೆವು. ಹುಡುಕುವವರು ಬದುವಿನ ತನಕ ಬಂದರು. "ಗಂಡನ್ನ ತಿಂದಾಕಿ ಹೊಲ, ಬ್ಯಾಡ ನಡಿ" ಎಂದು ಒಬ್ಬ ಅನ್ನುವುದು ನನ್ನ ಕಿವಿಗೇ ಕೇಳಿಸಿತು. ಹಿಂದಿರುಗಿ ಹೋದರು. ಯಾವ ಮಾತು ಅವಳ ಬದುಕು ಕೆಡಿಸಿತೋ ಅದೇ ಮಾತಿನಿಂದ ನಾವು ಉಳಿದೆವು. ಇದಕ್ಕೆ ಸಂತೋಷಪಡಬೇಕೋ ಅಳಬೇಕೋ ನನಗೆ ಈಗಲೂ ತಿಳಿಯುತ್ತಿಲ್ಲ.

ಅವಳ ಮಗಳು ಸಾಯಬಮ್ಮನಿಗೆ ಹದಿನಾರು. ಶಹಾಪುರದಲ್ಲಿ ಒಳ್ಳೆಯ ಮನೆ ಗೊತ್ತಾಗಿತ್ತು, ತಾಯಿಯ ಸುದ್ದಿ ಕೇಳಿ ಬಿಟ್ಟುಬಿಟ್ಟರು. ಈಗ ನೀವು ಬಿಡುವಾಗಿದ್ದೀರಿ. ನಿಮ್ಮ ಮಾತಿಗೆ ಮೊದಲಿಗಿಂತ ಹತ್ತು ಪಟ್ಟು ಬೆಲೆ ಬಂದಿದೆ. ಬನ್ನಿ. ಅವಳಿಗಾಗಿ ಕೇಳುತ್ತಿದ್ದೆ, ಈಗ ನನಗಾಗಿಯೂ ಕೇಳುತ್ತಿದ್ದೇನೆ.

ಇಂತು,
ಮನ್ಸೂರಅಲಿ

*

ಹೈದರಾಬಾದು
೩ ಡಿಸೆಂಬರ್ ೧೯೪೮

ಪ್ರಿಯ ಮುನ್ಷೀಜಿ,

ನೀವಿಬ್ಬರೂ ಉಳಿದಿರಿ ಎಂದು ಓದಿ ಕಣ್ಣು ತುಂಬಿದವು. ಜೈಲಿನಲ್ಲಿ ರಾತ್ರಿ ನಿದ್ದೆ ಬಾರದಾಗ ನಿಮ್ಮ ಅಕ್ಷರ, ನಿಮ್ಮ ಬೈಗುಳ ನೆನೆಯುತ್ತಿದ್ದೆ. ಮೌನಮ್ಮನಿಗೆ ನನ್ನ ಕೈಮುಗಿದ ನಮಸ್ಕಾರ ಹೇಳಿ.

ಒಂದು ಮಾತು ಮುಚ್ಚಿಡುವುದಿಲ್ಲ. ನಾನು ಬಿಡುಗಡೆಯಾದ ದಿನ ಯಾದಗಿರಿ ಸ್ಟೇಷನ್ನಿಗೆ ಮಾಲೆ ತಂದವರಲ್ಲಿ ಗುರಪ್ಪನೂ ಇದ್ದ. ಈಗ ಸಗರದಲ್ಲಿ ನಮ್ಮ ಪಕ್ಷದ ಕೆಲಸ ಅವನ ಕೈಯಲ್ಲಿದೆ. ಸುತ್ತಿನ ಹತ್ತು ಹಳ್ಳಿ ಅವನ ಮಾತು ಕೇಳುತ್ತವೆ. ಅವನ ಊರಿಗೇ ಬಂದು ಅವನ ಮಾತು ಸುಳ್ಳೆಂದರೆ ಅವನ ಮುಖ ಉಳಿಯುವುದಿಲ್ಲ. ಸ್ವಲ್ಪ ತಡೆಯಿರಿ. ಅವನನ್ನೇ ಒಲಿಸಿ, ಅವನ ಬಾಯಿಂದಲೇ ಸರಿಪಡಿಸುತ್ತೇನೆ. ಒಳ್ಳೆಯ ವಕೀಲ ತಾರೀಖು ಮುಂದಕ್ಕೆ ಹಾಕಿಸಿಯೇ ಗೆಲ್ಲುತ್ತಾನೆ ಎಂದು ನನಗೆ ಕಲಿಸಿದವರು ನೀವೇ.

ನಿಮ್ಮವ,
ಬಸವಂತರಾಯ

*

ಶಹಾಪುರ
೧೨ ಏಪ್ರಿಲ್ ೧೯೫೧

ರಾಯರಿಗೆ ಸಲಾಮು.

ಸಾಯಬಮ್ಮನನ್ನು ಕೆಂಭಾವಿಗೆ ಕೊಡುತ್ತಿದ್ದಾರೆ. ವರನಿಗೆ ನಲವತ್ತೈದು ದಾಟಿದೆ, ಮೊದಲ ಹೆಂಡತಿ ಸತ್ತಿದ್ದಾಳೆ, ಮೂರು ಮಕ್ಕಳಿದ್ದಾರೆ. ಬೇರೆ ಯಾರೂ ಬರಲಿಲ್ಲ. ಅವರದೊಂದು ಷರತ್ತು: ತಾಯಿ ಹಂದರದ ಕೆಳಗೆ ಬರಕೂಡದು.

ಮದುವೆ ಮೇ ಹನ್ನೊಂದಕ್ಕೆ. ಇನ್ನೂ ಇಪ್ಪತ್ತೊಂಬತ್ತು ದಿನವಿದೆ. ನೀವು ಈ ತಿಂಗಳು ಬಂದು ಹೋದರೆ ಮದುವೆ ನಿಲ್ಲದಿದ್ದರೂ ತಾಯಿ ಮಗಳ ತಲೆಯ ಮೇಲೆ ಅಕ್ಕಿಕಾಳು ಹಾಕಬಹುದು. ಇನ್ನೇನೂ ಬರೆಯುವುದಿಲ್ಲ.

ಮನ್ಸೂರಅಲಿ

*

ಗುಲಬರ್ಗಾ
೫ ಡಿಸೆಂಬರ್ ೧೯೫೧

ಪ್ರಿಯ ಮುನ್ಷೀಜಿ,

ನಿಮ್ಮ ಏಪ್ರಿಲ್ ತಿಂಗಳ ಪತ್ರಕ್ಕೆ ಉತ್ತರ ಬರೆಯಲು ಎರಡು ಸಲ ಕೂತೆ. ಆಗ ಚುನಾವಣೆಯ ಟಿಕೀಟಿಗಾಗಿ ಓಡಾಟ, ದಿನಕ್ಕೊಂದು ಊರು. ಬಿಡುವಾಗುವ ಹೊತ್ತಿಗೆ ಮದುವೆ ಆಗಿಹೋಗಿತ್ತು. ನಾಚಿಕೆಯಾಗಿ ಬರೆಯಲಿಲ್ಲ. ಕ್ಷಮಿಸಿ.

ಈಗ ದಿಲ್ಲಿಯ ಪಾರ್ಲಿಮೆಂಟಿಗೆ ನಿಂತಿದ್ದೇನೆ, ನಿಮಗೆ ಗೊತ್ತೇ ಇದೆ. ಎಲ್ಲಿ ಹೋದರೂ ಜನ ಮೌನಮ್ಮನ ಪ್ರಸಂಗ ಹೇಳಿರೆಂದು ಕೇಳುತ್ತಾರೆ. ಈ ತಿಂಗಳ ಕೊನೆಗೆ ಸಗರದಲ್ಲೇ ಸಭೆಯಿದೆ. ಮೌನಮ್ಮನನ್ನು ಕರೆತಂದು ವೇದಿಕೆಯ ಮೇಲೆ ನನ್ನ ಪಕ್ಕ ಕೂಡಿಸಿರಿ. ಮತ ಹಾಕುವ ದಿನ ಅವಳ ಫೋಟೋ ತೆಗೆಸೋಣ. ಜನರೆದುರು ಅವಳಿಗೆ ಮರ್ಯಾದೆ ಸಿಕ್ಕರೆ ಹಳೆಯದೆಲ್ಲ ತಾನಾಗಿ ತೊಳೆದುಹೋಗುತ್ತದೆ. ಅಂದು ಉಳಿದ ಅರ್ಧವನ್ನೂ ಹೇಳುತ್ತೇನೆ, ನಿಮ್ಮಾಣೆ.

ನಿಮ್ಮವ,
ಬಸವಂತರಾಯ

*

ಶಹಾಪುರ
೪ ಜನವರಿ ೧೯೫೨

ಮಾನ್ಯ ಬಸವಂತರಾಯರಿಗೆ,

ಮೌನಮ್ಮ ಮತ ಹಾಕುವುದಿಲ್ಲ. ಮತದಾರರ ಪಟ್ಟಿ ಬರೆಯುವವನು ಮನೆಗೆ ಬಂದು ಗಂಡನ ಹೆಸರೇನು ಎಂದು ಕೇಳಿದ. ಅವಳು ಬಾಯಿ ತೆರೆಯಲಿಲ್ಲ. ಹೇಳಿ ಹೂಂ ಅನ್ನಿಸಲು ಹತ್ತಿರ ಯಾರೂ ಇರಲಿಲ್ಲ. ಅವನು ಕಾಗದ ಮಡಚಿ ಮುಂದಿನ ಮನೆಗೆ ಹೋದ. ಸಾವಿರ ವರ್ಷದ ಬೇಡಿ ಮುರಿದವಳು ಪಟ್ಟಿಯಲ್ಲೇ ಇಲ್ಲ. ಫೋಟೋದವನಿಗೆ ತಿಳಿಸಿಬಿಡಿ.

ಸಗರದ ಸಭೆಗೆ ನಾನು ಬಂದಿದ್ದೆ, ಹಿಂದೆ ಗಾಡಿಗಳ ಹತ್ತಿರ ನಿಂತಿದ್ದೆ. ಮೌನಮ್ಮ ಬರಲೊಲ್ಲೆ ಅಂದಳು, ನಾನು ಒತ್ತಾಯ ಮಾಡಲಿಲ್ಲ. ಒಮ್ಮೆ ಒತ್ತಾಯ ಮಾಡಿದ್ದೇ ಸಾಕು. ನೀವು ಕೋರ್ಟಿನ ತನಕ ಹೇಳಿದಿರಿ. "ಹುಲಗಪ್ಪ" ಎಂದು ನಾಲ್ಕು ಸಲ ಕೂಗಿ ಹೇಳಿದಿರಿ. ಜನ ಚಪ್ಪಾಳೆ ಹೊಡೆದರು. ಆಮೇಲೆ ನೀವು ನೀರು ಕುಡಿದಿರಿ. ಈಗ ಹೇಳುತ್ತೀರಿ ಎಂದು ನಾನು ಗಾಡಿಯ ಗಾಲಿ ಹಿಡಿದು ಮುಂದಕ್ಕೆ ಬಗ್ಗಿದೆ. ನೀವು ರಸ್ತೆಯ ವಿಷಯಕ್ಕೆ ಹೋದಿರಿ. ನಿಮ್ಮ ಬಗಲಲ್ಲಿ ಗುರಪ್ಪ ಕೂತಿದ್ದ.

ನಿಮ್ಮ ತಂದೆಯವರ ಉಪ್ಪು ತಿಂದವನು ನಾನು. ನೀವು ಗೆಲ್ಲುತ್ತೀರಿ, ಗೆಲ್ಲಿರಿ. ಇನ್ನು ಮುಂದೆ ನನಗೆ ಬರೆಯಬೇಡಿ.

ಮನ್ಸೂರಅಲಿ

*

ಹೊಸದಿಲ್ಲಿ
೨೦ ಮೇ ೧೯೫೨

ಪೂಜ್ಯ ಮುನ್ಷೀಜಿಯವರಿಗೆ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಪೂರ್ತಿ ಓದಿ, ಆಮೇಲೆ ಹರಿದು ಹಾಕಿ.

ಕಳೆದ ವಾರ ಪ್ರಮಾಣವಚನ ಆಯಿತು. ಮೊನ್ನೆ ಊಟದ ಹೊತ್ತಿನಲ್ಲಿ ನಾಲ್ಕೈದು ಜನ ಸದಸ್ಯರು ಕೂತಿದ್ದೆವು. ನಾನು ರೂಢಿಯಂತೆ ಮೌನಮ್ಮನ ಪ್ರಸಂಗ ತೆಗೆದೆ. ಉತ್ತರದ ಕಡೆಯ ಒಬ್ಬ ವಯಸ್ಸಾದ ಹೆಣ್ಣುಮಗಳು, ಅವರೂ ಸದಸ್ಯರೇ, ಕೇಳಿ ಮುಗಿಸಿ, "ಆಮೇಲೆ ಅವಳು ಏನಾದಳು?" ಎಂದು ಕೇಳಿದರು. ಮುನ್ಷೀಜಿ, ಆರು ವರ್ಷದಲ್ಲಿ ನೂರಾರು ವೇದಿಕೆಯ ಮೇಲೆ ಹೇಳಿದ್ದೇನೆ. ಒಬ್ಬರೂ ಇದನ್ನು ಕೇಳಿರಲಿಲ್ಲ. ತಟ್ಟೆ ಬಿಟ್ಟು ಎದ್ದುಬಂದೆ.

ಗುರಪ್ಪನ ಮತಗಳಿಗೆ ಹೆದರಿದೆ ಎಂದು ನೀವು ತಿಳಿದಿದ್ದೀರಿ. ಅದು ಅರ್ಧ ಮಾತ್ರ. ಸಗರದಲ್ಲಿ ನೀರು ಕುಡಿಯುವಾಗ ನಿಮ್ಮನ್ನು ನೋಡಿದ್ದೆ. ಬಾಯಿಗೆ ಬಂದಿತ್ತು. ಆದರೆ ನನ್ನ ಹೆಸರು, ನನ್ನ ಭಾಷಣ, ಈ ದಿಲ್ಲಿಯ ಕುರ್ಚಿ, ಎಲ್ಲವೂ ಅವಳಿಂದ ಹೆದರಿಸಿ ಹೇಳಿಸಿದ ಆ ಒಂದು ಮಾತಿನ ಮೇಲೆ ನಿಂತಿವೆ. ಅದು ಹೋದರೆ ನಾನು ಯಾರು ಎಂದು ದಿಗಿಲಾಯಿತು. ನಾಚಿಕೆಗೇಡಿ ನಾನು. ಅವಳ ಮಗಳ ಮದುವೆಯ ದಿನ ನಾನು ರಾಯಚೂರಿನಲ್ಲಿ ಹೂವಿನ ಹಾರ ಹಾಕಿಸಿಕೊಳ್ಳುತ್ತಿದ್ದೆ.

ಜೂನ್ ಎಂಟನೆಯ ತಾರೀಖು ಬರುತ್ತೇನೆ. ಟಿಕೀಟು ತೆಗೆಸಿದ್ದೇನೆ. ಹಿರಿಯರನ್ನು ಚಾವಡಿಗೆ ಕೂಡಿಸಿರಿ. ಗುರಪ್ಪನನ್ನೂ ಕರೆಯಿರಿ.

ನಿಮ್ಮ,
ಬಸವಂತರಾಯ

*

ಶಹಾಪುರ
೧೬ ಜೂನ್ ೧೯೫೨

ರಾಯರಿಗೆ ಸಲಾಮು.

ಅಂದು ನೀವು ಯಾದಗಿರಿಯ ರೈಲು ತಪ್ಪೀತೆಂದು ಅವಸರದಲ್ಲಿ ಹೊರಟಿರಿ. ಆಮೇಲಿನದು ನಿಮಗೆ ಗೊತ್ತಿಲ್ಲ. ಬರೆಯುವುದು ನನ್ನ ಕೆಲಸ.

ನೀವು ನೆಟ್ಟಗೆ ಹೇಳಿದಿರಿ, ಒಂದು ಮಾತೂ ಬಿಡಲಿಲ್ಲ. ಅದನ್ನು ಒಪ್ಪುತ್ತೇನೆ. ಒಂದು ತಾಸೂ ಹಿಡಿಯಲಿಲ್ಲ, ಕಾಲು ತಾಸಿನಲ್ಲಿ ಮುಗಿಯಿತು. ನೀವು ಕೈಮುಗಿದು ಕೆಳಗೆ ಕೂತಮೇಲೆ ಗುರಪ್ಪ ಎದ್ದು ನಿಂತ. ಅವನು, "ರಾಯರ ಅಂದಮ್ಯಾಲ ಇನ್ನೇನೈತಿ, ಮುಗೀತು" ಅಂದು ನಿಮ್ಮ ಕೊರಳಿಗೆ ಹಾರ ಹಾಕಿದ. ಜನ ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದು ನಿಮ್ಮನ್ನು ಈಗಲೂ ಹೊಗಳುತ್ತಿದ್ದಾರೆ.

ಮರುದಿನ ಮುಂಜಾನೆ ಗುರಪ್ಪನೇ ಎರಡು ಜೋಡಿ ಎತ್ತು, ನಾಲ್ಕು ಆಳು ಕಳಿಸಿದ. ಜಾಲಿ ಕಡಿದರು. ಮೂರು ದಿನದಲ್ಲಿ ಹೊಲ ಹಸನಾಯಿತು. ಬಾವಿಗೆ ಹೋಗುವ ಹೆಂಗಸರು ಅವಳ ಬಾಗಿಲಲ್ಲಿ ನಿಂತು, "ಬಾರ ಮೌನವ್ವಾ" ಎಂದು ಕರೆದರು. ಎಲ್ಲವೂ ನಾವು ಅಂದುಕೊಂಡಂತೆಯೇ ಆಯಿತು.

ಶುಕ್ರವಾರ ಮೌನಮ್ಮ ಬಿತ್ತುವ ಬೀಜಕ್ಕೆಂದು ಶಹಾಪುರಕ್ಕೆ ಬಂದವಳು ನಮ್ಮ ಮನೆಗೂ ಬಂದಳು. ಸಂತೋಷದ ಸುದ್ದಿ ಹೇಳಲು ಬಂದಳೆಂದು ಖಾಸಿಂಬೀ ಚಹಾ ಇಟ್ಟಳು. ಅವಳು ಬೀಜದ ಗಂಟು ಇಳಿಸಿ ಕಟ್ಟೆಯ ಮೇಲೆ ಕೂತಳು. ಆಮೇಲೆ, "ಮುನ್ಷಿ ಸಾಹೇಬ್ರ, ಬರೇ ಇಷ್ಟ ಇತ್ತೇನ್ರಿ?" ಅಂದಳು.

"ಏನವ್ವಾ?" ಅಂದೆ.

"ರಾಯರು ಬಂದು ಹೇಳೂದು. ಇಷ್ಟ ಹೊತ್ತಿನ ಕೆಲಸಾ ಇತ್ತೇನ್ರಿ ಅದು? ಸಾಯಬವ್ವನ ಮದುವಿ ದಿನಾ ನಾ ಕೆಂಭಾವಿ ಅಗಸಿ ಬಾಗಲದಾಗ ಕೂತಿದ್ದೆ. ಬಾಜಾದ ಸಪ್ಪಳ ಕೇಳಾಕತ್ತಿತ್ತು. ಇದು ದೇವರ ಮಾಡಿದ್ದು, ಮನಶ್ಯಾರ ಕೈಯಾಗ ಏನೂ ಇಲ್ಲ ಅಂತ ತಿಳದು ತಡಕೊಂಡೆ. ಆರು ವರ್ಷ ಹಂಗ ಅಂತ ತಡಕೊಂಡೀನ್ರಿ. ಮನಶ್ಯಾರ ಕೈಯಾಗ ಇತ್ತಂದ್ರ, ಯಾಕ ಬರಲಿಲ್ರಿ ಅವರು?"

ಇಪ್ಪತ್ತೆಂಟು ವರ್ಷ ಕೋರ್ಟಿನಲ್ಲಿ ಕಳೆದಿದ್ದೇನೆ, ಎಂಥೆಂಥ ಪ್ರಶ್ನೆಗೋ ಉತ್ತರ ಬರೆದುಕೊಟ್ಟಿದ್ದೇನೆ. ನಿಮಗೆ ಅಧಿವೇಶನವಿತ್ತು, ಜೈಲಿತ್ತು, ಚುನಾವಣೆಯಿತ್ತು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ, ಚಹಾದ ಲೋಟವನ್ನು ಅವಳ ಮುಂದೆ ಸರಿಸಿದೆ. ಅವಳು ಚಹಾ ಕುಡಿದು ಲೋಟ ತೊಳೆದಿಟ್ಟಳು, ಬಿತ್ತುವ ಹೊತ್ತು ಮೀರುತ್ತದೆ ಎಂದು ಬೀಜದ ಗಂಟು ತಲೆಯ ಮೇಲಿಟ್ಟುಕೊಂಡು ಹೋದಳು.

ಇಂತು,
ಮನ್ಸೂರಅಲಿ